ಸರ್ಕಾರಿ ವಕೀಲರ ಲೈಸೆನ್ಸ್ ಹೋದರೂ ಜನರ ಸಿಟ್ಟು ಯಾಕೆ ಇಳಿಯಲಿಲ್ಲ?

ಈ ಪ್ರಶ್ನೆ ಅಮೆರಿಕದ ಟೆಕ್ಸಾಸ್‌ನಲ್ಲಿ ಸರ್ಕಾರಿ ವಕೀಲರಾಗಿದ್ದ ಕೆನ್ ಆಂಡರ್ಸನ್ ಬಗ್ಗೆ. ಲೆಕ್ಕ ಹಾಕಿ ನೋಡಿ, ಸಿಟ್ಟು ಯಾಕೆ ಅಂತ ಗೊತ್ತಾಗುತ್ತೆ.

ಹೆಂಡತಿಯನ್ನು ಕೊಂದ ಆರೋಪದಲ್ಲಿ 1987ರಲ್ಲಿ ಮೈಕಲ್ ಮಾರ್ಟನ್‌ಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಅವರ ಮೂರು ವರ್ಷದ ಮಗ ಅಜ್ಜಿ ಹತ್ತಿರ ಬೇರೆಯೇ ಹೇಳಿದ್ದ: ಅಮ್ಮನನ್ನು ಹೊಡೆದಿದ್ದು ರಾಕ್ಷಸ, ಅಪ್ಪ ಆಗ ಮನೆಯಲ್ಲಿರಲಿಲ್ಲ. ಆ ಕೇಸು ನಡೆಸಿದ ಆಂಡರ್ಸನ್ ಈ ಹೇಳಿಕೆಯನ್ನು ಆರೋಪಿ ಕಡೆಯವರಿಗೆ ಕೊಡಲೇ ಇಲ್ಲ. ಡಿಎನ್‌ಎ ಪರೀಕ್ಷೆಯಿಂದ 2011ರಲ್ಲಿ ಮಾರ್ಟನ್ ಹೊರಬರುವಷ್ಟರಲ್ಲಿ ಸುಮಾರು 25 ವರ್ಷ ಕಳೆದಿತ್ತು. ಆಂಡರ್ಸನ್ ಅಷ್ಟರಲ್ಲಿ ಜಡ್ಜ್ ಆಗಿದ್ದರು! ಸಾಕ್ಷ್ಯ ಮುಚ್ಚಿಟ್ಟ ವಿಷಯದಲ್ಲಿ 2013ರಲ್ಲಿ ಅವರಿಗೆ ಆಗಿದ್ದು 10 ದಿನ ಜೈಲು ಶಿಕ್ಷೆ. ಲೈಸೆನ್ಸನ್ನೂ ಒಪ್ಪಿಸಿದರು. 25 ವರ್ಷಕ್ಕೆ 10 ದಿನ ಸಮ ಅಲ್ಲ, ಅಲ್ವಾ?

ಮೈಸೂರು ಕೋರ್ಟ್ ಹತ್ತಿರದ ಟೀ ಅಂಗಡಿಯಲ್ಲಿ ಇದನ್ನು ಹೇಳಿದೆ. ತಮ್ಮನ ಕೇಸಿಗೆ ಟಿ. ನರಸೀಪುರದಿಂದ ಬಂದಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು, “ಮಗೀನ ಮಾತನ್ನೇ ಮುಚ್ಚಿಟ್ರಾ?” ಎಂದರು. ಲೈಸೆನ್ಸ್ ವಿಷಯ ಅವರು ಕೇಳಲೇ ಇಲ್ಲ. ಜನರಿಗೆ ನಾಟುವುದು ಇದೇ.

ನಮ್ಮಲ್ಲಿ 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಇದೆ. ದೂರು ಸಾಬೀತಾದರೆ ರಾಜ್ಯ ವಕೀಲರ ಪರಿಷತ್ತು ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಅದಕ್ಕಿಂತ ಮೊದಲು, ನಿಮ್ಮವರ ಕೇಸಿದ್ದರೆ ಚಾರ್ಜ್‌ಶೀಟ್ ಮತ್ತು ಸಾಕ್ಷಿಗಳ ಹೇಳಿಕೆಯ ಪ್ರತಿ ಕೇಳಿ ಪಡೆಯಿರಿ. ಅದು ಆರೋಪಿಗೆ ಉಚಿತವಾಗಿ ಸಿಗಬೇಕು.