ಸಾಕ್ಸ್ ಹೆಣಿಯೋ ಹುಚ್ಚು, ಲಡಿ ಕೂಡಿಡೋ ಹುಚ್ಚು

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ನೋಡಿದ್ರ ಎಲ್ಲಾರದೂ ಒಂದೇ ಸುದ್ದಿ, ಸಾಕ್ಸ್ ಮತ್ತ ಕೈಲೆ ಬಣ್ಣ ಹಾಕಿದ ಉಲ್ಲನ್ ಲಡಿ, ಅಂದ್ರ ಸುತ್ತಿ ಕಟ್ಟಿದ ನೂಲಿನ ಕಟ್ಟು. ಸ್ವೆಟರ್ ಬಗ್ಗೆ ಒಬ್ರೂ ಕೇಳಿಲ್ಲ, ಕೇಳೋದಾದ್ರೂ ಯಾಕ, ನಮ್ಮ ಕೊಪ್ಪಳ ಬಳ್ಳಾರಿ ಬಿಸಲಿಗೆ ಸ್ವೆಟರ್ ಅಂದ್ರ ಬೆಂಗಳೂರಿಗೆ ಹೋಗೋರ ಬ್ಯಾಗಿನ್ಯಾಗ ಇರೋ ಸಾಮಾನು. ಹಂಗಾಗಿ ಈ ಸಂಚಿಕೆ ಪೂರ್ತಿ ಕಾಲಿಗೇ ಮೀಸಲು.

ಪ್ರಶ್ನೆ: ಅಕ್ಕಾ, ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಹ್ಯಾಂಡ್ ಡೈಡ್ ಲಡಿ ತರಿಸ್ಕೊಂಡೆ. 100 ಗ್ರಾಂ, ನವಿಲುಗರಿ ಬಣ್ಣ, ನಡುನಡುವೆ ಕುಂಕುಮದ ಚುಕ್ಕಿ. ಎರಡು ಸಾವಿರದ ಮೇಲಾಯ್ತು. ಅವತ್ತಿಂದ ಬೀರುದಲ್ಲೇ ಐತೆ, ತೆಗೆದು ನೋಡ್ತೀನಿ, ಮತ್ತೆ ಒಳಗಿಡ್ತೀನಿ. ಶಾಲು ಮಾಡ್ಲಾ, ಟೋಪಿ ಮಾಡ್ಲಾ? ಹೆಣೆದು ಕೆಡಿಸಿಬಿಟ್ರೆ ಅಂತ ಭಯ. (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಸಾಕ್ಸ್ ಮಾಡ್ರಿ ತಂಗಿ. ಸಾಕ್ಸ್ ನೂಲಿನ ದಪ್ಪದ್ದಾದ್ರ 100 ಗ್ರಾಂಗೆ ಸುಮಾರು 400 ಮೀಟರ್ ಬರ್ತೈತಿ, ದೊಡ್ಡ ಶಾಲಿಗೆ ಅದು ಸಾಲಂಗಿಲ್ಲ, ಅದೇ ಬಣ್ಣದ ಇನ್ನೊಂದು ಲಡಿ ಹುಡುಕೇನಂದ್ರ ಹಂಗೇ ಸಿಗಂಗೂ ಇಲ್ಲ, ಕೈಲೆ ಬಣ್ಣ ಹಾಕೋರದು ಒಂದು ಪಾತ್ರಿಗೂ ಇನ್ನೊಂದು ಪಾತ್ರಿಗೂ ಫರಕ್ ಇದ್ದೇ ಇರ್ತೈತಿ. ಒಂದು ಜೋಡಿ ಸಾಕ್ಸಿಗೆ ಮಾತ್ರ ಬೇಕಾದಷ್ಟಾಗಿ ಒಂದೀಟು ಉಳೀತೈತಿ. ಮೊದ್ಲ ಲೇಬಲ್ ಓದ್ರಿ. 75 ಪರ್ಸೆಂಟ್ ಮೆರಿನೋ (ಮೆತ್ತನ್ನ ಕುರಿ ಉಣ್ಣಿ), 25 ನೈಲಾನ್ ಅಂತ ಇದ್ರ ಅದು ಸಾಕ್ಸಿಗಂತನೇ ಮಾಡಿದ ನೂಲು. ಪೂರ್ತಿ ಮೆರಿನೋ, ಅದೂ ಒಂದೇ ಎಳಿದು ಸಡಿಲ ಹುರಿ ಇದ್ರ ಹಿಮ್ಮಡದಾಗ ಬೇಗ ಸವೀತೈತಿ, ಅವಾಗ ಟೋಪಿನೇ ಚಲೋ.

ಲಡೀನ ಹಂಗೇ ಹೆಣಿಯಾಕ ಕುಂದ್ರಬ್ಯಾಡ್ರಿ, ಸಿಕ್ಕಾಗಿ ಅಳೋದಾಗ್ತೈತಿ. ಎರಡು ಕುರ್ಚಿ ಬೆನ್ನಿಗೆ ಬೆನ್ನು ಹಚ್ಚಿಟ್ಟು ಅದಕ್ಕ ಲಡಿ ತೊಡಿಸಿ, ಕಟ್ಟಿದ ದಾರ ಕತ್ತರಿಸಿ ಸಾವಕಾಶ ಉಂಡಿ ಸುತ್ತ್ರಿ. ಅಡಿಗಿ ಮನಿಯಾಗ ಡಿಜಿಟಲ್ ತಕ್ಕಡಿ ಇದ್ರ 50 ಗ್ರಾಮಿಂದು ಎರಡು ಉಂಡಿ ಮಾಡ್ಕೋರಿ, ಒಂದು ಕಾಲಿಗೆ ಒಂದು. ಬೆರಳ ತುದಿಯಿಂದ ಶುರು ಮಾಡಿ ಮ್ಯಾಲಕ್ಕ ಹೋದ್ರ ಇನ್ನೂ ಚಲೋ, ಉಂಡಿ ಮುಗಿಯೋತನಕ ಕಾಲು ಉದ್ದ ಮಾಡ್ಕೋತ ಹೋಗಬಹುದು, ಕಡೀಕ ರಿಬ್ಬಿಗೆ (ಜಗ್ಗಿ ಹಿಡಿಯೋ ಗೆರಿಗೆರಿ ಹೆಣಿಗಿಗೆ) ಮಾತ್ರ ಸ್ವಲ್ಪ ಉಳಿಸ್ಕೋರಿ, ಒಂದು ಇಂಚೂ ದುಬಾರಿ ನೂಲು ದಂಡ ಆಗಂಗಿಲ್ಲ.

ಲೆಕ್ಕ ಹಿಂಗ: ಪಾದದ ಸುತ್ತಳತಿ 9 ಇಂಚು ಅನ್ನೋಣ. ಸಾಕ್ಸ್ ಕಾಲಿಗಿಂತ ಹತ್ತು ಪರ್ಸೆಂಟ್ ಸಣ್ಣದಿರಬೇಕು, ಇಲ್ಲಂದ್ರ ಶೂ ಒಳಗ ಮುದುರಿ ಕುಂದರ್ತೈತಿ. ಅಂದ್ರ ಸುಮಾರು 8 ಇಂಚು. 2.25 ಅಥವಾ 2.5 ಎಂಎಂ ಕಡ್ಡಿಯಾಗ ಇಂಚಿಗೆ 8 ಸ್ಟಿಚ್ ಬಂತಂದ್ರ 64 ಸ್ಟಿಚ್. ನಿಮ್ಮ ಕೈ ಬಿಗಿನೋ ಸಡಿಲೋ ನನಗೇನ್ ಗೊತ್ತು, ಬ್ಯಾರೆ ನೂಲಿನ್ಯಾಗ ಒಂದು ತುಂಡು ಹೆಣೆದು ಅಳತಿ ನೋಡಿದ ಮ್ಯಾಲೇ ಇದನ್ನ ಮುಟ್ರಿ.

ಇನ್ನ ಡಿಸೈನ್. ಇಲ್ಲಿ ನಂದು ಹಟ ಐತಿ. ಬಣ್ಣ ಮಾತಾಡೋ ನೂಲಿಗೆ ಕೇಬಲ್ (ಜಡಿ ಹಂಗ ತಿರುವಿದ ಹೆಣಿಗಿ), ಲೇಸ್ (ತೂತುತೂತಿನ ಹೆಣಿಗಿ) ಏನೂ ಹಾಕಬ್ಯಾಡ್ರಿ, ಅಷ್ಟು ಕಷ್ಟಪಟ್ಟು ತಿರುವಿದ ಕೇಬಲ್ ಆ ನವಿಲುಗರಿ ಒಳಗ ಕಾಣಂಗೇ ಇಲ್ಲ. ಸಾದಾ ನಿಟ್ ಅಷ್ಟೇ. ಸಾದಾ ಹೆಣೆದಾಗ ಕೆಲವೊಮ್ಮೆ ಒಂದೇ ಬಣ್ಣ ಒಂದ ಕಡೆ ಗುಂಪುಗಟ್ಟಿ ಮಚ್ಚಿ ಥರ ಕಾಣ್ತೈತಿ, ಯಾಕಂದ್ರ ಲಡಿಯಾಗ ಬಣ್ಣ ಒಂದೇ ಅಳತಿಗೆ ತಿರುಗಿ ತಿರುಗಿ ಬರ್ತಿರ್ತೈತಿ. ಅದು ಸೇರಲಿಲ್ಲಂದ್ರ 64ರ ಬದಲಿ 60 ಅಥವಾ 68 ಮಾಡ್ರಿ, ಮಚ್ಚಿ ಜಾಗ ಬದಲಿ ಮಾಡ್ತೈತಿ. ಇಲ್ಲಾ ನಡುನಡುವ ಸ್ಟಿಚ್ ಹೆಣೀದ ಹಂಗೇ ಸರಿಸೋ ಸ್ಲಿಪ್ ಸ್ಟಿಚ್ ಡಿಸೈನ್ ತಗೋರಿ, ಬಣ್ಣ ಒಡದು ಚದುರತೈತಿ. ಕೆಡ್ತೈತಿ ಅನ್ನೋ ಭಯ ಬ್ಯಾಡ, ಹೆಣಿಗಿ ಬಿಚ್ಚಿದ್ರ ನೂಲು ನೂಲಾಗೇ ಇರ್ತೈತಿ, ನೀರಾಗ ಅದ್ದಿ ತೂಗಹಾಕಿದ್ರ ಸುರುಳಿನೂ ಬಿಡ್ತೈತಿ. ಮತ್ತ ಈ ಜೋಡಿ ಮುಗಿಯೋತನಕ ಇನ್ನೊಂದು ಲಡಿ ನೋಡಾಕ ಮೊಬೈಲ್ ತಗಿಬ್ಯಾಡ್ರಿ.

ಪ್ರಶ್ನೆ: ನಮ್ಮ ಕಡಿ ಬ್ಯಾಸಿಗ್ಯಾಗ 42 ಡಿಗ್ರಿ ಬಿಸಲು ಇರ್ತದ, ಉಲ್ಲನ್ ಸಾಕ್ಸ್ ಅಂದ್ರ ಮನ್ಯಾಗ ನಗ್ತಾರ. ನಮ್ಮ ಊರು ಹತ್ತಿ ಊರು, ಹತ್ತಿ ನೂಲಿನ್ಯಾಗೇ ಸಾಕ್ಸ್ ಮಾಡಬಾರದೇನು? (ರಾಯಚೂರು)

ಉತ್ತರ: ಮಾಡಬಹುದ್ರಿ, ಆದ್ರ ಬರೀ ಹತ್ತಿಗೆ ಜಗ್ಗಿ ವಾಪಸ್ ಬರೋ ಗುಣ ಕಡಿಮಿ. ಬೆಳಿಗ್ಗೆ ಹಾಕಿದ ಸಾಕ್ಸ್ ಮಧ್ಯಾಹ್ನಕ್ಕ ಸಡಿಲಾಗಿ ಕೆಳಗ ಇಳಕೊಂಡಿರ್ತೈತಿ. ಹತ್ತಿ ಜತಿ ಸ್ವಲ್ಪ ನೈಲಾನ್ ಇಲ್ಲಾ ಇಲಾಸ್ಟಿಕ್ ಎಳಿ ಸೇರಿದ್ದು ಸಿಕ್ರ ತಗೋರಿ, ಕಾಲು ಪೂರ್ತಿ ರಿಬ್ ಹಾಕ್ರಿ, ಗಿಡ್ಡ ಸಾಕ್ಸೇ ಮಾಡ್ರಿ. ಉಲ್ಲನ್ ಬಗ್ಗೆ ನಗೋರಿಗೂ ಒಂದು ಮಾತು ಹೇಳ್ರಿ: ಉಣ್ಣಿ ತನ್ನ ತೂಕದ ಸುಮಾರು ಮೂವತ್ತು ಪರ್ಸೆಂಟ್ ತೇವ ಹೀರಿಕೊಂಡ್ರೂ ಮುಟ್ಟಿದ್ರ ಒದ್ದಿ ಅನ್ಸಂಗಿಲ್ಲ, ಬೆವರೋ ಕಾಲಿಗೆ ಅದು ಸಣ್ಣ ಮಾತಲ್ಲ. ಹಂಗಂತ ಮೇ ತಿಂಗಳಾಗ ಹಾಕ್ಕೋರಿ ಅಂತ ನಾನೂ ಹೇಳಂಗಿಲ್ಲ. ರಾತ್ರಿ ಎಸಿ ಸ್ಲೀಪರ್ ಬಸ್ಸಿನ್ಯಾಗ ಬೆಂಗಳೂರಿಗೆ ಹೋಗೋರನ್ನ ಕೇಳ್ರಿ, ಆ ಗಾಳಿ ನೇರ ಕಾಲಿಗೇ ಬಡೀತೈತಿ. ಜನವರಿಯಾಗ ಫರ್ಸಿ ಕಲ್ಲಿನ ಮ್ಯಾಲೆ ಓಡಾಡೋ ವಯಸ್ಸಾದವ್ರೂ ಅದಾರ.

ಪ್ರಶ್ನೆ: ನಮ್ಮನಿಯವ್ರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಶಿಫ್ಟಿಗೆ ಹೋಗ್ತಾರೆ, ಸೇಫ್ಟಿ ಶೂ. ಪ್ರೀತಿಯಿಂದ ಹೆಣೆದುಕೊಟ್ಟ ಸಾಕ್ಸ್ ಹಿಮ್ಮಡದಲ್ಲಿ ಬೇಗನೆ ತೂತು ಬಿದ್ದೋಯ್ತು. (ಸಂಡೂರು)

ಉತ್ತರ: ಯಾವ ನೂಲು ಅಂತ ಬರದಿಲ್ಲ ನೀವು, ಆದ್ರ ನನ್ನ ಅನುಮಾನ ಮೆತ್ತನ್ನ ಬೇಬಿ ಉಲ್ಲನ್ ಮ್ಯಾಲೆ, ಅದು ಕೂಸಿನ ಟೋಪಿಗೆ ಸರಿ, ಬೂಟಿಗಲ್ಲ. ನೈಲಾನ್ ಸೇರಿದ ಸಾಕ್ಸ್ ನೂಲು ತಗೊಂಡು ಕಡ್ಡಿ ಒಂದು ನಂಬರ್ ಸಣ್ಣದು ಮಾಡಿ, 72 ಸ್ಟಿಚ್ ಹಾಕಿ ಬಿಗಿಯಾಗಿ ಹೆಣೀರಿ. ಹಿಮ್ಮಡಕ್ಕ ಹೀಲ್ ಫ್ಲ್ಯಾಪ್ (ಹಿಮ್ಮಡದ ಹಿಂದಿನ ಪಟ್ಟಿ) ಮಾಡಿ, ಒಂದು ಸ್ಟಿಚ್ ಸರಿಸೋದು ಒಂದು ಹೆಣಿಯೋದು, ಹಿಂದ ನೂಲು ಹಾದು ಹೋಗಿ ಅಲ್ಲಿ ಡಬಲ್ ದಪ್ಪ ಬರ್ತೈತಿ. ಬೆಂಕಿ, ಕಾದ ಕಬ್ಬಿಣದ ಹತ್ರ ನಿಲ್ಲೋ ಕೆಲಸ ಇದ್ರ ಮಾತ್ರ ಮನಿ ಸಾಕ್ಸ್ ಬ್ಯಾಡ, ನೈಲಾನ್ ಅಕ್ರಿಲಿಕ್ ಎರಡೂ ಕರಗಿ ಚರ್ಮಕ್ಕ ಅಂಟ್ತಾವ, ಅಲ್ಲಿ ಕಾರ್ಖಾನಿಯವ್ರು ಹೇಳಿದ್ದನ್ನೇ ಹಾಕಬೇಕು. ಮತ್ತ ದುಬಾರಿ ಲಡಿ ಅವರಿಗೆ ಕೊಡಬ್ಯಾಡ್ರಿ, ಬೂಟಿನೊಳಗ ಯಾರು ನೋಡ್ತಾರ, ಕರೇ ನೂಲು ಸಾಕು.

ಪ್ರಶ್ನೆ: ಒಂದು ಸಾಕ್ಸ್ ಮುಗಿದ ಮೇಲೆ ಎರಡನೇದು ಹೆಣೆಯಾಕ ಮನಸೇ ಬರಂಗಿಲ್ಲ. ಒಂಟಿ ಸಾಕ್ಸೇ ಐದಾರು ಅದಾವ. (ಗಂಗಾವತಿ)

ಉತ್ತರ: ಉದ್ದನ್ನ ಸರ್ಕ್ಯುಲರ್ ಕಡ್ಡಿ (ನಡುವ ವೈರ್ ಇರೋ ಜೋಡಿ ಕಡ್ಡಿ) ತಗೊಂಡು ಮ್ಯಾಜಿಕ್ ಲೂಪ್ (ಆ ವೈರ್ ಮಡಚಿ ಸಣ್ಣ ಸುತ್ತು ಹೆಣಿಯೋ ರೀತಿ) ಕಲೀರಿ, ಎರಡೂ ಒಟ್ಟಿಗೆ ಹೆಣೀಬಹುದು. ಅದು ಆಗಲಿಲ್ಲಂದ್ರ ಮೊದಲನೇದರ ತುದಿ ಮುಚ್ಚೋಕಿಂತ ಮುಂಚೆ ಎರಡನೇದಕ್ಕ ಸ್ಟಿಚ್ ಏರಿಸಿಬಿಡ್ರಿ. ಅದೂ ಬ್ಯಾಡಂದ್ರ ಒಂಟಿಗೆ ಒಂಟಿ ಸೇರಿಸಿ ಹಾಕ್ಕೋರಿ, ನಿಮ್ಮ ಕಾಲು.

ಪ್ರಶ್ನೆ: ಅಕ್ಕಾರ, ಅಷ್ಟೊಂದು ರೊಕ್ಕ ಕೊಟ್ಟು ಬಣ್ಣದ ಲಡಿ ತರೋ ಬದಲಿ ಬಿಳಿ ನೂಲು ತಂದು ಮನ್ಯಾಗೇ ಬಣ್ಣ ಹಾಕಬಹುದಾ? ನಮ್ಮದು ದಾಳಿಂಬ್ರಿ ತೋಟ, ಸಿಪ್ಪಿಯಿಂದ ಬಣ್ಣ ಬರ್ತೈತಿ ಅಂತಾರ ಖರೇನಾ? (ಕುಷ್ಟಗಿ)

ಉತ್ತರ: ಖರೇನ್ರಿ, ದಾಳಿಂಬ್ರಿ ಸಿಪ್ಪಿ ಹಳೇ ಕಾಲದ ಬಣ್ಣ. 100 ಗ್ರಾಂ ಉಣ್ಣಿ ನೂಲಿಗೆ 10ರಿಂದ 15 ಗ್ರಾಂ ತುರಟಿ (ಪಟಿಕ) ಬಿಸಿನೀರಾಗ ಕರಗಿಸಿ, ಮೊದ್ಲೇ ನೆನಸಿದ ನೂಲು ಅದ್ರಾಗ ಬಿಟ್ಟು ಒಂದು ತಾಸು ಸಣ್ಣ ಉರಿಯಾಗ ಇಡ್ರಿ. ಒಣಗಿದ ಸಿಪ್ಪಿ ಬ್ಯಾರೆ ಪಾತ್ರಿಯಾಗ ಕುದಿಸಿ ಸೋಸಿ, ಆ ನೀರಿಗೆ ನೂಲು ಹಾಕಿ ಮತ್ತ ಒಂದು ತಾಸು. ಹಳದಿ ಬರ್ತೈತಿ, ಸಾಸಿವಿ ಎಣ್ಣಿ ಕಡೆ ಹೋಗೋ ಹಳದಿ. ಅದೇ ನೀರಿಗೆ ತುಕ್ಕು ಹಿಡಿದ ಮೊಳಿ ನೆನಸಿದ ನೀರು ಚೂರು ಬಿಟ್ರ ಹಸಿರುಗಪ್ಪಾಗ್ತೈತಿ. ಇಲ್ಲೇ ನಮ್ಮ ಬೋರ್ ನೀರಿನ ತಕರಾರು, ಅದ್ರಾಗ ಕಬ್ಬಿಣ, ಸುಣ್ಣ ಇದ್ರ ಬಣ್ಣ ನೀವು ಕೇಳದಿದ್ರೂ ಮಂಕಾಗ್ತೈತಿ. ಮಳಿ ನೀರು ಹಿಡದಿಡ್ರಿ, ಇಲ್ಲಾ ಫಿಲ್ಟರ್ ನೀರು. ಅರಿಷಿಣ ಹಾಕೋ ಆಸೆ ಬ್ಯಾಡ, ಬಿಸಲಿಗೆ ಹಾರಿಹೋಗ್ತೈತಿ.

ಆನ್‌ಲೈನಿನ ಥಳಥಳ ನೀಲಿ, ರಾಣಿ ಗುಲಾಬಿ ಬೇಕಂದ್ರ ಅದಕ್ಕ ಆಸಿಡ್ ಡೈ ಅಂತ ಇರ್ತೈತಿ, ಹೆಸರು ಕೇಳಿ ಹೆದರಬ್ಯಾಡ್ರಿ, ಅದಕ್ಕ ಬೇಕಾದ ಹುಳಿ ಅಂದ್ರ ವಿನೆಗರ್ ಇಲ್ಲಾ ಸಿಟ್ರಿಕ್ ಆಸಿಡ್ ಅಷ್ಟೇ. ಉಣ್ಣಿ, ರೇಷ್ಮಿ, ನೈಲಾನಿಗೆ ಹಿಡೀತೈತಿ, ಹತ್ತಿಗೂ ಅಕ್ರಿಲಿಕ್‌ಗೂ ಹಿಡಿಯಂಗಿಲ್ಲ, ಹಂಗಾಗಿ ಅಂಗಡಿ ಅಕ್ರಿಲಿಕ್ ಉಂಡಿ ತಂದು ಕುದಿಸಬ್ಯಾಡ್ರಿ. ಕಲಿಯೋರಿಗೆ ಜಿಲೇಬಿಗೆ ಹಾಕೋ ತಿನ್ನೋ ಬಣ್ಣನೇ ಸಾಕು, ವಿನೆಗರ್ ಜತಿ ಅದೂ ಉಣ್ಣಿಗೆ ಹಿಡೀತೈತಿ. ಆಸಿಡ್ ಡೈ, ತುರಟಿಗೆ ಬಳಸಿದ ಪಾತ್ರಿ ಮಾತ್ರ ಮತ್ತ ಅಡಿಗಿ ಮನಿಗೆ ತರಂಗಿಲ್ಲ. ಯಾವ ಬಣ್ಣ ಆದ್ರೂ ಕೊತಕೊತ ಕುದಿಸಬಾರ್ದು, ನೂಲು ತಿರುವ್ಯಾಡಬಾರ್ದು, ಬಿಸಿಯಿಂದ ತೆಗೆದು ತಣ್ಣೀರಿಗೆ ಎಸಿಬಾರ್ದು, ಪಾತ್ರಿಯಾಗೇ ಆರಲಿ.

ಪ್ರಶ್ನೆ: ನಮ್ಮ ಕುರಿ ಉಣ್ಣಿಯಿಂದಲೇ ಸಾಕ್ಸ್ ಆಗೋದಿಲ್ಲೇನು, ಆಸ್ಟ್ರೇಲಿಯಾದ್ದೇ ಬೇಕಾ? (ಲಿಂಗಸುಗೂರು)

ಉತ್ತರ: ಆಸೆ ಚಲೋ ಐತಿ, ಕಾಲು ಒಪ್ಪಂಗಿಲ್ಲ. ನಮ್ಮ ಬಳ್ಳಾರಿ ಕುರಿ, ದಖನಿ ಕುರಿ ಉಣ್ಣಿ ಒರಟು, ಕುರುಬರು ನೇಯ್ದು ಹುಣಸಿ ಬೀಜದ ಸರಿ ಹಚ್ಚಿದ ಕಂಬಳಿಗೆ ಅದು ಸರಿ. ಎಳಿ ದಪ್ಪ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು ಒಂದು ಮೈಕ್ರಾನ್) ದಾಟಿದ್ರ ಚರ್ಮಕ್ಕ ಚುಚ್ಚಾಕ ಶುರು, ಮೆರಿನೋ 20ರ ಆಜೂಬಾಜು ಇರ್ತೈತಿ. ನಮ್ಮ ಉಣ್ಣಿಯಾಗ ಚೀಲ ಮಾಡ್ರಿ, ಕುಂದ್ರೋ ಆಸನ ಮಾಡ್ರಿ, ಭಾಳ ಬಾಳಿಕಿ ಬರ್ತಾವ.

ಪ್ರಶ್ನೆ: ಮೊಮ್ಮಗನಿಗೆ ಹೆಣೆದುಕೊಟ್ಟ ಉಣ್ಣಿ ಸಾಕ್ಸ್ ಸೊಸಿ ವಾಷಿಂಗ್ ಮಶೀನಿಗೆ ಹಾಕ್ಯಾಳ. ಗೊಂಬಿಗೂ ಆಗದಷ್ಟು ಕುಗ್ಗ್ಯಾವ. ಏನಾರ ಮಾಡಬಹುದಾ? (ಸಿಂಧನೂರು)

ಉತ್ತರ: ಇಲ್ರಿ ಅಮ್ಮಾರ. ಉಣ್ಣಿ ಎಳಿ ಮ್ಯಾಲೆ ಸಣ್ಣ ಹೊಪ್ಪಳಿಕಿ ಇರ್ತಾವ, ಬಿಸಿನೀರು, ಸೋಪು, ತಿಕ್ಕಾಟ ಮೂರೂ ಕೂಡಿದ್ರ ಒಂದಕ್ಕೊಂದು ಗಟ್ಟಿ ಹಿಡ್ಕೋತಾವ, ಬಿಡಂಗಿಲ್ಲ. ಆ ಹೊಪ್ಪಳಿಕಿ ತಗದು ಇಲ್ಲಾ ಮುಚ್ಚಿ ಮಾಡಿದ ನೂಲಿಗೇ ಸೂಪರ್‌ವಾಶ್ ಅನ್ನೋದು, ಕೂಸುಗಳಿಗೆ ಇನ್ನ ಮುಂದ ಅದನ್ನೇ ತಗೋರಿ, ಮಶೀನಿಗೆ ತಣ್ಣೀರಾಗ ಹಾಕಿದ್ರ ನಡೀತೈತಿ. ಆದ್ರೂ ನೂಲಿನ ಲೇಬಲ್ಲು ಸಾಕ್ಸಿಗೇ ಪಿನ್ ಹಚ್ಚಿ ಕೊಡ್ರಿ, ಸೊಸಿಗೆ ಬಾಯಿಲೆ ಹೇಳೋದು ತಪ್ತೈತಿ.