ಕಲೆ ಹಿಡಿದ ಅಲ್ಯೂಮಿನಿಯಂ ದೋಣಿ ತೊಳೆಯೋದು ಹೇಗೆ?

ಪ್ರಶ್ನೆ: ನಾನು ಕುಣಿಗಲ್ ತಾಲ್ಲೂಕಿನವನು. ನಾವು ಮೂವರು ಸೇರಿ ಊರ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದೇವೆ. ಇಷ್ಟು ದಿನ ಹರಿಗೋಲಲ್ಲೇ ಕೆಲಸ ನಡೆಯುತ್ತಿತ್ತು. ಈಗ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಹಳೆಯ ಅಲ್ಯೂಮಿನಿಯಂ ದೋಣಿ ತಂದಿದ್ದೇವೆ. ನೀರು ತಾಗುವ ಮಟ್ಟದಲ್ಲೆಲ್ಲ ಬೆಳ್ಳಗೆ ಕಟ್ಟಿಕೊಂಡಿದೆ. ತಳ ಕಪ್ಪಾಗಿದೆ. ಒಂದೆರಡು ಕಡೆ ಯಾರೋ ಡಾಂಬರು ಮೆತ್ತಿದ್ದಾರೆ. ಗ್ಯಾರೇಜಿನವರು ಬಾತ್‌ರೂಮ್ ಆಸಿಡ್ ಹಾಕಿ ಅಂತಾರೆ. ಅಮ್ಮ ಬೂದಿ ಹಾಕಿ ತಿಕ್ಕು ಅಂತಾರೆ. ಯಾವುದು ಸರಿ ಸಾರ್? ಪೇಂಟ್ ಹೊಡೆಸಬೇಕಾ?

ಉತ್ತರ: ಎರಡೂ ಬೇಡ. ಅಲ್ಯೂಮಿನಿಯಂ ಗಾಳಿಗೆ ಸೋಕಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟುತ್ತದೆ. ನಿಮ್ಮ ದೋಣಿಯನ್ನು ಇಷ್ಟು ವರ್ಷ ಕಾಪಾಡಿದ್ದು ಅದೇ. ನೀರಿನ ಪಿಹೆಚ್ (ಹುಳಿ, ಕ್ಷಾರ ಎಷ್ಟಿದೆ ಅನ್ನುವ ಅಳತೆ) ಸುಮಾರು 4ರಿಂದ 8.5ರ ಒಳಗಿದ್ದರೆ ಪೊರೆಗೆ ತೊಂದರೆ ಇಲ್ಲ. ಬಾತ್‌ರೂಮ್ ಆಸಿಡ್ ಹಾಕಿದರೆ ಪೊರೆ ಹೋಗಿ ಕೆಳಗಿನ ಲೋಹವೂ ನೊರೆ ಬಂದು ಕರಗುತ್ತದೆ. ಬೂದಿ ಕ್ಷಾರದ ಗುಣದ್ದು, ಅದು ಇನ್ನೊಂದು ಕಡೆಯಿಂದ ತಿನ್ನುತ್ತದೆ. ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ, ಸುಣ್ಣ ಎಲ್ಲವೂ ಹಾಗೇ. ಬ್ಲೀಚಿಂಗ್ ಪೌಡರ್ ಗುಳಿ ಬೀಳಿಸುತ್ತದೆ. ಅದನ್ನು ಆಸಿಡ್ ಜೊತೆ ಸೇರಿಸಿದರಂತೂ ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಮೊದಲು ಬಿಳಿ ಕಲೆ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಇದಕ್ಕೆ ಒಂದು ನಿಂಬೆಹಣ್ಣು ಸಾಕು. ಕಲೆಯ ಮೇಲೆ ರಸ ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಅದು ಗಡಸು ನೀರು ಬಿಟ್ಟ ಸುಣ್ಣದ ಪದರ. ನಮ್ಮ ಕಡೆ ಬೋರ್‌ವೆಲ್ ನೀರಿನ ಬಕೆಟ್ಟಿಗೆ, ನಲ್ಲಿಗೆ ಕಟ್ಟುತ್ತದಲ್ಲಾ, ಅದೇ. ಇದಕ್ಕೆ ಹೆದರಬೇಕಿಲ್ಲ. ಗುಳ್ಳೆ ಏಳದೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರಿ ಅಡಿಯಲ್ಲಿ ಗುಳಿ ಕಂಡರೆ, ಅಲ್ಲಿ ಲೋಹವೇ ಸವೆಯುತ್ತಿದೆ. ಅಂಥ ಜಾಗಕ್ಕೆಲ್ಲ ಮಾರ್ಕರ್‌ನಲ್ಲಿ ಸುತ್ತು ಹಾಕಿ. ನನಗೆ ಕಲೆಗಿಂತ ಈ ಗುಳಿಗಳ ಚಿಂತೆ ಜಾಸ್ತಿ.

ದೋಣಿಯನ್ನು ನೆರಳಿನಲ್ಲಿ ಬೋರಲು ಹಾಕಿ. ಪಾಚಿ ಒಣಗಿ ಅಂಟಿದ್ದರೆ ಒಂದೆರಡು ಗಂಟೆ ಒದ್ದೆ ಗೋಣಿಚೀಲ ಹೊದಿಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರು, ನೈಲಾನ್ ಬ್ರಷ್. ಡಾಂಬರನ್ನು ಮರದ ಚಕ್ಕೆಯಿಂದ ಎಬ್ಬಿಸಿ, ಉಳಿದದ್ದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಸೋಪು ನೀರಿನಲ್ಲಿ ತೊಳೆಯಿರಿ. ಈ ಡಾಂಬರು ಇದ್ದ ಜಾಗವನ್ನು ಚೆನ್ನಾಗಿ ನೋಡಿ. ಯಾರೂ ಸುಮ್ನೆ ಮೆತ್ತಿರುವುದಿಲ್ಲ. ಅಲ್ಲಿ ಸೋರುತ್ತಿತ್ತು ಅಂತಲೇ ಅರ್ಥ.

ಸುಣ್ಣದ ಪದರಕ್ಕೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ದೋಣಿಯ ಮೈಯನ್ನು ಮೊದಲು ಒದ್ದೆ ಮಾಡಿ, ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋಗಿ. ಮೇಲಿನಿಂದ ಶುರು ಮಾಡಿದರೆ ಒಣ ಜಾಗದ ಮೇಲೆ ಇಳಿದು ಗೆರೆ ಬೀಳುತ್ತದೆ. ಹತ್ತು ನಿಮಿಷ ಬಿಟ್ಟು, ಪಾತ್ರೆ ಉಜ್ಜುವ ಹಸಿರು ನಾರಿನಿಂದ ತಿಕ್ಕಿ, ಧಾರಾಳ ನೀರು ಹೊಯ್ಯಿರಿ. ನಿಂಬೆ ಉಪ್ಪೂ ಹುಳಿಯೇ, ಮೆಲ್ಲಗೆ ಕೆಲಸ ಮಾಡುತ್ತದೆ ಅಷ್ಟೆ. ಮೈಮೇಲೆ ಒಣಗಲು ಬಿಡಬೇಡಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ಮಾಡಿ. ಹುಣಸೆಹಣ್ಣು ಕಿವುಚಿದ ನೀರೂ ಆಗುತ್ತದೆ, ತುಮಕೂರು ಕಡೆ ಅದಕ್ಕೇನು ಬರ ಅಲ್ವಾ? ಆದರೆ ಅಡುಗೆ ಉಪ್ಪು ಬೆರೆತ ಹುಣಸೆ ಬೇಡ. ಆ ಉಪ್ಪೂ ಗುಳಿ ಬೀಳಿಸುತ್ತದೆ.

ತಳ ಕಪ್ಪಾಗಿದೆ ಅಂದಿರಿ. ಗಡಸು ನೀರು ಕಾಯಿಸಿದ ಅಲ್ಯೂಮಿನಿಯಂ ಪಾತ್ರೆಯ ಒಳಗೂ ಹೀಗೇ ಕಪ್ಪಾಗುತ್ತದೆ, ಹುಳಿ ಹಾಕಿ ಕುದಿಸಿದರೆ ಬೆಳಗುತ್ತದೆ. ನಿಂಬೆ ಉಪ್ಪಿಗೆ ಹೋದಷ್ಟು ಹೋಗಲಿ. ಉಳಿದದ್ದಕ್ಕೆ ಕೈ ಹಾಕಬೇಡಿ. ಪಾಲಿಶ್ ಹಾಕಿ ಕನ್ನಡಿ ಮಾಡಿದರೂ ಕೆರೆ ನೀರಿನಲ್ಲಿ ಬೇಗನೆ ಮಂಕಾಗುತ್ತದೆ. ಆ ಮಂಕು ಬಣ್ಣ ಇದ್ದರೆ ಮೀನು ಹಿಡಿಯುವುದಕ್ಕೇನು ಅಡ್ಡಿ?

ಸ್ಟೀಲ್ ನಾರು, ಹಿತ್ತಾಳೆ ಬ್ರಷ್ ಮುಟ್ಟಿಸಬೇಡಿ. ಬೇರೆ ಲೋಹದ ಚೂರು ಗೀರಿನಲ್ಲಿ ಉಳಿದರೆ ನೀರು ಬಿದ್ದಾಗ ಅದರ ಪಕ್ಕದ ಅಲ್ಯೂಮಿನಿಯಂ ಸವೆಯುತ್ತದೆ. ಹಿಂದಿನವರು ಹಾಕಿದ ಹಿತ್ತಾಳೆ ಸ್ಕ್ರೂ, ಕಬ್ಬಿಣದ ಬೋಲ್ಟ್ ಇದ್ದರೆ ತೆಗೆದು, ಸ್ಟೇನ್‌ಲೆಸ್ ಬೋಲ್ಟಿಗೆ ರಬ್ಬರ್ ವಾಷರ್ ಕೊಟ್ಟು ಹಾಕಿ. ಅಲ್ಯೂಮಿನಿಯಂ ಬೆಳಗುವ ದ್ರಾವಣ ಅಂತ ಮಾರುವ ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ದಯವಿಟ್ಟು ಅದನ್ನು ಮನೆಗೆ ತರಲೇಬೇಡಿ. ತೆಳುವಾಗಿ ಕಲಸಿದ್ದು ಚರ್ಮಕ್ಕೆ ಬಿದ್ದರೆ ಕೂಡಲೇ ಉರಿ ಗೊತ್ತಾಗದೆ ಮೂಳೆಯವರೆಗೂ ಇಳಿಯಬಹುದು.

ತೊಳೆದ ಮೇಲೆ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ನೇರವಾಗಿ ಕೂರಿಸಿ, ಒಳಗೆ ಪಾದ ಮುಳುಗುವಷ್ಟು ನೀರು ತುಂಬಿ. ತಳಕ್ಕೆ ಮೂರ್ನಾಲ್ಕು ಕಡೆ ಆಸರೆ ಇರಲಿ, ನೀರಿನ ಭಾರ ಕಮ್ಮಿ ಅಲ್ಲ. ಹೊರಗಿನಿಂದ ಯಾವ ರಿವೆಟ್ (ತಗಡು ಜೋಡಿಸಿದ ಮೊಳೆ) ಒಸರುತ್ತದೆ ನೋಡಿ ಗುರುತು ಹಾಕಿ. ಸಡಿಲವಾದ ರಿವೆಟ್ಟನ್ನು ಒಳಗಿನಿಂದ ಭಾರದ ಕಬ್ಬಿಣ ಒತ್ತಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಬಿಗಿ ಮಾಡಿಸಬಹುದು. ಶೀಟ್ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ.

ಪೇಂಟ್ ಬೇಕಿಲ್ಲ. ಹೊಡೆಸಲೇಬೇಕು ಅಂದರೆ ಅಲ್ಯೂಮಿನಿಯಂಗೆ ಅಂತಲೇ ಬರುವ ಪ್ರೈಮರ್ ಮೊದಲು ಹೊಡೆಸಿ. ತಾಮ್ರ ಬೆರೆತ ಪೇಂಟ್ ಮಾತ್ರ ಬೇಡವೇ ಬೇಡ. ದೋಣಿಯೂ ಹಾಳು, ನಿಮ್ಮ ಕಾಟ್ಲಾ, ರೋಹು ಮರಿಗಳಿಗೂ ತಾಮ್ರ ವಿಷ.

ಮಳೆಗಾಲದಲ್ಲಿ ಒದ್ದೆ ಹುಲ್ಲು, ಸಿಮೆಂಟ್ ನೆಲ, ಗೊಬ್ಬರದ ಚೀಲದ ಪಕ್ಕ ಇಡಬೇಡಿ. ತೇವ ಅಂಟಿಕೊಂಡಿರುವ ಕಡೆಯೇ ಗುಳಿ ಶುರುವಾಗುವುದು. ತೊಳೆದ ಸೋಪು, ಸೀಮೆಎಣ್ಣೆ ನೀರು ಕೆರೆಗೆ ಹರಿಯದ ಹಾಗೆ ಏರಿಯಿಂದ ದೂರದಲ್ಲಿ ಕೆಲಸ ಮಾಡಿ. ಗುರುತು ಹಾಕಿದ ಗುಳಿಗಳ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಕಳಿಸಿ. ತುಂಬಿಸಿದರೆ ಸಾಕಾ, ತೇಪೆ ಹಾಕಿಸಬೇಕಾ ಅಂತ ನೋಡಿ ಹೇಳುತ್ತೇನೆ.