ಮೊಬೈಲ್ ಫೋಟೋ ಮಬ್ಬು ಬರುತ್ತಿದೆ, 108 ಮೆಗಾಪಿಕ್ಸೆಲ್ ಫೋನ್ ತಗೊಳ್ಳಲಾ?

ತಗೊಳ್ಳಬೇಡಿ. ಮೊದಲು ಈಗಿರುವ ಫೋನನ್ನು ಮಗುಚಿ, ಕ್ಯಾಮೆರಾದ ಗಾಜನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜಿಡ್ಡು ಕಾಣುತ್ತದೆ, ಅಲ್ವಾ?

ಎರಡು ವರ್ಷದ ಫೋನು, ಆಗುಂಬೆಯಲ್ಲಿ ತೆಗೆದದ್ದೆಲ್ಲ ಹಾಲು ಚೆಲ್ಲಿದ ಹಾಗೆ ಬಂತು ಅಂತ ಬರೆದಿದ್ದೀರಿ. ನನ್ನ ಕಥೆಯನ್ನೇ ಯಾರೋ ಬರೆದ ಹಾಗಿತ್ತು.

ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆ ಇತ್ತು. ಜಗಲಿಯಲ್ಲಿ ಎಂಟು ಮುಂಡಿಗೆ, ಅಂದರೆ ಕೆತ್ತಿದ ಮರದ ಕಂಬ, ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಗೆದ್ದಲು ಹಿಡಿದು ಮಾಡು ಕೂರತೊಡಗಿತ್ತು. ಬಿಚ್ಚಿಬಿಡೋಣ ಅಂತ ಅಪ್ಪ, ದೊಡ್ಡಪ್ಪ ತೀರ್ಮಾನ ಮಾಡಿದರು. ಹಿಂದಿನ ದಿನ ಫೋಟೋ ತೆಗೆದಿಡುವ ಕೆಲಸ ನನಗೆ ಬಂತು.

ಬೆಳಿಗ್ಗೆ ಕಡುಬು, ಮೇಲೆ ತುಪ್ಪ. ಕೈ ತೊಳೆದೆ, ಸೋಪು ಹಾಕಲಿಲ್ಲ. ಬರೀ ನೀರಿಗೆ ತುಪ್ಪ ಹೋಗುತ್ತದೆಯೇ? ಅದೇ ಕೈಯಲ್ಲಿ ಫೋನ್ ಎತ್ತಿಕೊಂಡೆ. ನಾವು ಫೋನ್ ಹಿಡಿಯುವ ರೀತಿ ನೋಡಿ, ತೋರುಬೆರಳು ಸರಿಯಾಗಿ ಕ್ಯಾಮೆರಾದ ಮೇಲೇ ಕೂರುತ್ತದೆ. ಕ್ಯಾಮೆರಾದ ಕಣ್ಣೋ, ಉದ್ದಿನಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಒಂದು ಬೆರಳಚ್ಚು ಸಾಕು, ಪೂರ್ತಿ ಮುಚ್ಚಲು. ಗಾಜಿನ ಹೆಂಚಿನಿಂದ ಜಗಲಿಗೆ ಬಿಸಿಲುಕೋಲು ಇಳಿದಿತ್ತು, ಒಲೆಯ ಹೊಗೆ ಅದರಲ್ಲಿ ಆಡುತ್ತಿತ್ತು. ಇನ್ನೂರಕ್ಕಿಂತ ಜಾಸ್ತಿ ಫೋಟೋ ತೆಗೆದೆ. ಪರದೆಯಲ್ಲಿ ಚೆಂದವೇ ಕಂಡವು. ಒಂದನ್ನೂ ಹಿಗ್ಗಿಸಿ ನೋಡಲಿಲ್ಲ.

ಮನೆ ಬಿಚ್ಚಿ ಹತ್ತು ದಿನಕ್ಕೆ ಲ್ಯಾಪ್‌ಟಾಪಿಗೆ ಹಾಕಿದೆ. ಎಲ್ಲವೂ ಬೂದಿ ಬಣ್ಣ. ಜಿಡ್ಡು ಗಾಜಿನ ಮೇಲಿದ್ದರೆ ಬೆಳಕು ನೆಟ್ಟಗೆ ಒಳಗೆ ಹೋಗುವುದಿಲ್ಲ, ಚದುರುತ್ತದೆ. ಚದುರಿದ ಬೆಳಕು ಫೋಟೋದ ಕಪ್ಪು ಜಾಗದ ಮೇಲೆ ಬೀಳುತ್ತದೆ. ಹೊರಗೆ ಮೋಡದ ಬೆಳಕಿನಲ್ಲಿ ಅಷ್ಟಾಗಿ ಗೊತ್ತಾಗದು. ನಮ್ಮ ಕಡೆಯ ಮನೆಯೊಳಗೆ ಸುತ್ತ ಕತ್ತಲೆ, ನಡುವೆ ಒಂದೇ ಬಿಸಿಲುಕೋಲು. ಆ ಒಂದು ಕೋಲಿನ ಬೆಳಕೇ ಎಂಟೂ ಮುಂಡಿಗೆಯ ಕೆತ್ತನೆಯನ್ನು ನುಂಗಿಹಾಕಿತ್ತು. ಸ್ಟುಡಿಯೋದವರು ಕಾಂಟ್ರಾಸ್ಟ್ ಏರಿಸಿ ನೋಡಿದರು. ಕಪ್ಪು ಕಪ್ಪಾಯಿತು, ಕೆತ್ತನೆ ಬರಲಿಲ್ಲ.

ನಾನು ಬೈದದ್ದು ಫೋನಿಗೆ. ಅಡಿಕೆ ದುಡ್ಡು ಕೈಗೆ ಬಂದಿತ್ತು, 24,000 ಕೊಟ್ಟು ಹೊಸದು ತಂದೆ. ಮೊದಲ ವಾರ ಆಹಾ ಎನ್ನುವ ಫೋಟೋಗಳು! ಹಾಗಾಗಿ ಹಳೇ ಕ್ಯಾಮೆರಾ ಸರಿ ಇರಲಿಲ್ಲ ಅನ್ನುವುದು ನನಗೆ ಖಾತ್ರಿಯಾಯಿತು. ಮೂರನೇ ವಾರ ಮಬ್ಬು ವಾಪಸ್ ಬಂತು. ರಾತ್ರಿ ಅಂಗಳದ ಬಲ್ಬಿಗೆ ಬಾಲ ಬೆಳೆದಿತ್ತು, ಎಲ್ಲ ಫೋಟೋದಲ್ಲೂ ಒಂದೇ ದಿಕ್ಕಿಗೆ. ಅಕ್ಕನ ಮಗಳು ಫೋನ್ ಇಸಿದುಕೊಂಡು, ‘ಮಾವ, ಇದರ ಮೇಲೆ ದೋಸೆ ಹುಯ್ದಿದ್ದೀರಾ?’ ಅಂದಳು. ಲಂಗದ ಅಂಚಿನಲ್ಲಿ ಒರೆಸಿ ಕೊಟ್ಟಳು. ಬಾಲ ಮಾಯ. ಆಮೇಲೆ ಹಳೇ ಫೋನನ್ನೂ ಒರೆಸಿದೆ. ಈಗ ಅದು ಅಮ್ಮನ ಹತ್ತಿರ ಇದೆ, ದಾಸವಾಳದ ಫೋಟೋ ನನಗಿಂತ ಚೆನ್ನಾಗಿ ತೆಗೆಯುತ್ತಾರೆ.

ಇನ್ನು ನಿಮ್ಮ 108. ಅಂಥ ಫೋನುಗಳು ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಕೊನೆಗೆ ಕೊಡುವುದು 12 ಮೆಗಾಪಿಕ್ಸೆಲ್ ಫೋಟೋವನ್ನೇ. ಜಿಡ್ಡಿನ ಹಿಂದೆ ಎಷ್ಟಿದ್ದರೇನು?

ಆಗುಂಬೆಗೆ ಇನ್ನೊಂದು ಕಾಟವಿದೆ. ಕಾರಿನ ಎಸಿಯಲ್ಲಿ ತಣ್ಣಗಾದ ಫೋನನ್ನು ಹೊರಗಿನ ತೇವದ ಗಾಳಿಗೆ ತಂದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಸ್ವಲ್ಪ ಹೊತ್ತು ಕಾಯಿರಿ, ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ. ಮಳೆಗಾಲದ ಜೋಗದಲ್ಲಂತೂ ತುಂತುರು ಕ್ಷಣಕ್ಷಣಕ್ಕೂ ಕೂರುತ್ತದೆ, ಹಳೇ ಪಂಚೆಯ ಒಣ ತುಂಡು ಜೇಬಿನಲ್ಲಿರಲಿ. ಮೊದಲು ಉಫ್ ಅಂತ ಧೂಳು ಊದಿ, ಆಮೇಲೆ ಒರೆಸಿ. 253 ಮೀಟರ್ ಜಲಪಾತವನ್ನು ಎರಡು ಬೆರಳಲ್ಲಿ ಎಳೆದು ಹತ್ತಿರ ತರಲು ಹೋಗಬೇಡಿ. ಬೇರೆ ಜೂಮ್ ಲೆನ್ಸ್ ಇಲ್ಲದ ಫೋನಿನಲ್ಲಿ ಅದು ಬರೀ ಕತ್ತರಿಸಿ ದೊಡ್ಡದು ಮಾಡುವ ಕೆಲಸ. ನೀರು ಬರೀ ಬಿಳಿ ಬಟ್ಟೆಯಂತೆ ಬಂದರೆ ಪರದೆಯಲ್ಲಿ ಅದನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆಳೆಯಿರಿ.

ಮಬ್ಬು ಸರಿಮಾಡುವ ಆ್ಯಪ್ ಬಗ್ಗೆಯೂ ಕೇಳಿದ್ದೀರಿ. ಸುಮ್ನೆ ಬಿಡಿ.

ಎಂಟು ಮುಂಡಿಗೆಯಲ್ಲಿ ಏಳು ಮಾರಿಹೋದವು. ಗೆದ್ದಲು ತಿಂದ ಒಂದು ನಮ್ಮ ಕೊಟ್ಟಿಗೆಯಲ್ಲಿ ಬಿದ್ದಿದೆ. ಅದರದ್ದೇ ನಲವತ್ತು ಫೋಟೋ ಇಟ್ಟುಕೊಂಡಿದ್ದೇನೆ. ಗೆದ್ದಲಿನ ತೂತುಗಳನ್ನು ಬೇಕಾದರೆ ಎಣಿಸಬಹುದು, ಅಷ್ಟು ಚೊಕ್ಕವಾಗಿ ಬಂದಿವೆ.